ಇಬ್ಬರು ಓದಿದ ಪ್ಯಾಕೇಜು

ನಮ್ಮ ತಂತ್ರಾಂಶದಲ್ಲಿ ನಾವು ಬರೆದದ್ದು ಅರ್ಧ. ಉಳಿದರ್ಧ ಯಾವ್ಯಾವುದೋ ದೇಶದ ಪುಣ್ಯಾತ್ಮರು ಬರೆದು ಬಿಟ್ಟಿ ಹಂಚಿದ ಪ್ಯಾಕೇಜುಗಳು. ತಾರೀಖು ಲೆಕ್ಕ ಹಾಕಲು ಒಂದು, ಪಟ್ಟಿ ಮುದ್ರಿಸಲು ಒಂದು, ಹೀಗೆ ನಲವತ್ತೊಂದು. ಆ ಪುಣ್ಯಾತ್ಮರ ಕೈ ಸುಮ್ಮನಿರುವುದಿಲ್ಲ. ವಾರಕ್ಕೆ ನಾಲ್ಕಾದರೂ ಹೊಸ ಆವೃತ್ತಿ ಬರುತ್ತಿತ್ತು. ಬಂದದ್ದನ್ನು ಇಬ್ಬರು ಓದಿ ‘ಸರಿ ಇದೆ’ ಎಂದು ಬರೆಯದೆ ಒಳಗೆ ಸೇರಿಸಬಾರದೆಂಬ ನಿಯಮ ಮಾಡಿದವನು ನಾನೇ, ಅಂಬಲಪಾಡಿಯ ಕರುಣಾಕರ. ಏಳು ವರ್ಷ ಓದಿ ಓದಿ ನನಗೆ ಸಾಕುಸಾಕಾಗಿತ್ತು.

ತಂತ್ರಾಂಶ ರಕ್ತದಾನಿಗಳದ್ದು. ಯಾರು ಯಾವಾಗ ರಕ್ತ ಕೊಟ್ಟರು, ಮೂರು ತಿಂಗಳಾಯಿತೇ, ಈಗ ಯಾರನ್ನು ಕರೆಯಬಹುದು ಎಂದು ಹೇಳುವುದಷ್ಟೇ ಅದರ ಕೆಲಸ. ಕಾಪುವಿನ ಒಂದು ಬಳಗ ಅದನ್ನು ನಂಬಿ ದಾನಿಗಳಿಗೆ ಫೋನು ಮಾಡುತ್ತಿತ್ತು. ಓದುವ ಇಬ್ಬರಲ್ಲಿ ನಾನೊಬ್ಬ, ಕಾರ್ಕಳದಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಸಿರಿಲ್ ಇನ್ನೊಬ್ಬರು. ಹೊಸ ಆವೃತ್ತಿಗಳನ್ನು ಹುಡುಕಿ ತಂದು ನಮ್ಮೆದುರು ಇಡುವವರು ಶಶಿಕಲಾ. ಬಾಗಲಕೋಟೆ ಕಡೆಯವರು, ಮಣಿಪಾಲದ ಕಚೇರಿಯೊಂದರಲ್ಲಿ ಟೈಪಿಂಗ್ ಕೆಲಸ. ಇದನ್ನೆಲ್ಲ ತಾವಾಗಿಯೇ ಕಲಿತವರು.

2007ರ ಜೂನ್ ಎರಡರಂದು ಕರಿಬಸವ ಎಂಬ ಗಾರೆ ಕೆಲಸದವನು ರಕ್ತ ಕೊಟ್ಟಿದ್ದ. ಮೂರು ವಾರ ಕಳೆದದ್ದೇ ಬಳಗದ ಭೋಜ ಅವನಿಗೆ ಮತ್ತೆ ಫೋನು ಮಾಡಿದ. “ಮೊನ್ನೇನ ಕೊಟ್ಟೀನಲ್ರೀ” ಎಂದನಂತೆ ಕರಿಬಸವ. “ಇಲ್ಲಿ ಫೆಬ್ರವರಿ ಅಂತ ಉಂಟು ಮಾರಾಯ, ಕಂಪ್ಯೂಟರ್ ಸುಳ್ಳು ಹೇಳ್ತದಾ?” ಎಂದನಂತೆ ಭೋಜ. ಪಾಪ, ಅವನು ಬಂದು ಕೊಟ್ಟ. ಮರುದಿನ ಕಟ್ಟಡದ ಮೇಲೆ ತಲೆ ತಿರುಗಿ ಬಿದ್ದು ಮಣಿಕಟ್ಟು ಮುರಿದುಕೊಂಡ.

ಆದದ್ದು ಇಷ್ಟು. ತಾರೀಖಿನ ಪ್ಯಾಕೇಜಿನ ಹೊಸ ಆವೃತ್ತಿ ದಿನವನ್ನು ತಿಂಗಳೆಂದೂ ತಿಂಗಳನ್ನು ದಿನವೆಂದೂ ಓದತೊಡಗಿತ್ತು. ಜೂನ್ ಎರಡು ಹೋಗಿ ಫೆಬ್ರವರಿ ಆರು ಆಗಿತ್ತು. ಅದು ಇಬ್ಬರು ಓದಿ ‘ಸರಿ ಇದೆ’ ಎಂದ ಪ್ಯಾಕೇಜು.

ಜುಲೈ ಒಂದರ ಭಾನುವಾರ ಸಿರಿಲರ ತರಗತಿಯಲ್ಲಿ ನಾವು ಮೂವರು ಕುಳಿತೆವು. ಸಿರಿಲ್ ಸಂಭಾವಿತರು, ಯಾರ ಮೇಲೂ ದನಿ ಏರಿಸಿದವರಲ್ಲ. “ಶಶಿಕಲಾ, ನಿಮಗೆ ಬೇಜಾರು ಮಾಡುವುದಕ್ಕಲ್ಲ,” ಎಂದರು. “ಆದರೆ ಇದನ್ನು ತಂದವರು ನೀವು ಅಲ್ವಾ? ಬಳಗದವರಿಗೆ ನಾವು ಎಂತಾದರೂ ಉತ್ತರ ಹೇಳಬೇಕು. ಇನ್ನು ನಿಮ್ಮನ್ನು ಈ ಕೆಲಸದಿಂದ ಬಿಡಿಸುವುದು ಒಳ್ಳೆಯದೇನೋ.”

ಶಶಿಕಲಾ ತಲೆ ತಗ್ಗಿಸಿ, “ಆತ್ರಿ” ಎಂದರು. ಇಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಹಾಯೆನಿಸಿತು. ಆಮೇಲೆ ನಾಚಿಕೆಯಾಯಿತು.

ಏನಾದರೂ ಮಾಡಬೇಕಲ್ಲ ಎಂದು ಸಿರಿಲರ ಕಂಪ್ಯೂಟರಿನಲ್ಲಿ ಆ ಪ್ಯಾಕೇಜು ಬಂದ ದಿನದ ಪತ್ರ ತೆರೆದೆ. ಶಶಿಕಲಾ ಬರೆದಿದ್ದರು: “ಬದಲಾವಣೆಯ ಪಟ್ಟಿಯಲ್ಲಿ ಮೂರನೆಯ ಸಾಲು ನೋಡಿ. ತಾರೀಖು ಓದುವ ಕ್ರಮ ಬದಲಾಗಿದೆ ಎನ್ನುತ್ತದೆ. ನಮ್ಮ ಪಟ್ಟಿಗೆ ಇದರಿಂದ ತೊಂದರೆಯೇ? ನನಗೆ ಖಾತ್ರಿ ಇಲ್ಲ, ದಯವಿಟ್ಟು ಓದಿ ಹೇಳಿ.”

ಅದರ ಕೆಳಗೆ ನನ್ನ ಉತ್ತರ: “ಓದಿದೆ. ಸರಿ ಇದೆ.” ಅದರ ಕೆಳಗೆ ಸಿರಿಲರದ್ದು: “ಓದಿದೆ. ಸರಿ ಇದೆ.”

ಆ ಪ್ಯಾಕೇಜು ಹಾಗಿರಲಿ, ನಾನು ಆ ಪತ್ರವನ್ನೂ ಪೂರ್ತಿ ಓದಿರಲಿಲ್ಲ. ಅದನ್ನೇ ಹೇಳಿದೆ. “ಸಿರಿಲರೇ, ನಾನು ಓದಲಿಲ್ಲ. ನೀವು ಅದಕ್ಕೆ ಮೊದಲು ಫೋನಿನಲ್ಲಿ ‘ನಾನು ನೋಡ್ತೇನೆ’ ಅಂದಿದ್ದಿರಿ. ನೀವು ನೋಡಿದ ಮೇಲೆ ನಾನು ಕೆದಕುವುದು ನಿಮಗೆ ಅವಮಾನ ಮಾಡಿದ ಹಾಗೆ ಅಂತ ಬಿಟ್ಟುಬಿಟ್ಟೆ.”

ಸಿರಿಲ್ ಕನ್ನಡಕ ತೆಗೆದು ಒರೆಸಿದರು. “ನೋಡಬೇಕು ಅಂತ ಕೂತದ್ದು ಹೌದು ಮಾರಾಯ್ರೆ,” ಎಂದರು. “ತೆರೆದರೆ ಅಲ್ಲಿ ನಿಮ್ಮ ಹೆಸರು ಉಂಟು. ಕರುಣಾಕರರು ಓದಿದ್ದನ್ನು ತಿದ್ದಲಿಕ್ಕೆ ನಾನು ಯಾರು ಅಂತ ನಾನೂ ಹಾಗೆಯೇ ಬರೆದೆ.”

ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಷ್ಟು ಗೌರವ. ಆ ಗೌರವಕ್ಕೆ ಕರಿಬಸವನ ಕೈ ಮುರಿದಿತ್ತು.

“ನೀವು ಎಚ್ಚರಿಸಿದ್ದಿರಿ ಅಂತ ಮೊದಲೇ ಯಾಕೆ ಹೇಳಲಿಲ್ಲ?” ಎಂದು ನಾನು ಶಶಿಕಲಾರನ್ನು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ.

“ಇಬ್ಬರೂ ಹಿರಿಯರು ಓದೀವಿ ಅಂತ ಬರದ್ರಿ. ತಿಳೀಲಾರದ್ದು ನನಗ ಇರಬೇಕು ಅಂದ್ಕೊಂಡೆ,” ಎಂದರು.

ಬಳಗದವರಿಗೆ ತಪ್ಪು ನಮ್ಮಿಬ್ಬರದೆಂದು ಬರೆಯುವುದು, ಕರಿಬಸವನ ಬಳಿ ನಾವೇ ಹೋಗುವುದು ಎಂದು ನಿಶ್ಚಯವಾಯಿತು. ಸಿರಿಲ್ ಶಶಿಕಲಾರಿಗೆ ಕೈ ಮುಗಿದರು. “ನೀವು ಬಿಡಬೇಡಿ ಶಶಿಕಲಾ. ಇನ್ನು ಮುಂದೆ ಓದಿಯೇ ಓದುತ್ತೇವೆ,” ಎಂದು ನಾನೂ ದೊಡ್ಡ ಮನುಷ್ಯನಂತೆ ಹೇಳಿದೆ. ಹೇಳಿ ಮನಸ್ಸು ಹಗುರ ಮಾಡಿಕೊಂಡೆ.

ಶಶಿಕಲಾ ಚೀಲ ಹೆಗಲಿಗೇರಿಸಿದವರು ಬಾಗಿಲಲ್ಲಿ ನಿಂತರು. “ಇವತ್ತ ಮುಂಜಾನೆ ಒಂದು ಕಳಿಸಿದ್ದೆ, ಮುದ್ರಣದ ಪ್ಯಾಕೇಜು. ಹತ್ತು ನಿಮಿಷದಾಗ ಸರಿ ಐತಿ ಅಂತ ನಿಮ್ಮ ಉತ್ತರ ಬಂತು. ಅದನ್ನರ ಓದೀರೇನ್ರೀ?”

ಅದನ್ನು ನಾನು ಬರೆದದ್ದು ಕಾರ್ಕಳದ ಬಸ್ಸಿಗೆ ಹೊರಡುವ ಅವಸರದಲ್ಲಿ, ನಿಂತುಕೊಂಡೇ. ಸಿರಿಲ್ ನನ್ನನ್ನು ನೋಡಲಿಲ್ಲ.

“ಇಲ್ಲ,” ಎಂದೆ.