ಸೋಂಪಿನ ಕಷಾಯ

ಮಗು ಹೋಗಿ ಒಂದು ತಿಂಗಳಾದ ಮೇಲೆ ವೀಕ್ಷಾ ಕೆಲಸಕ್ಕೆ ಮರಳಿದಳು. ಮನೆಯಲ್ಲಿ ಕೂತು ಮಾಡುವುದೇನೂ ಉಳಿದಿರಲಿಲ್ಲ. ಗಂಡ ರೂಪೇಶ್ ಬೆಳಿಗ್ಗೆ ಐದಕ್ಕೇ ಎಗ್ಮೋರಿನ ಹೋಟೆಲಿಗೆ ಹೊರಟುಬಿಡುತ್ತಿದ್ದ. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿಸಿದ ದಿನದಿಂದ ಅತ್ತೆ ಸುಗುಣಾ ಮಾತೇ ಕಡಿಮೆ ಮಾಡಿದ್ದರು. ಹತ್ತೊಂಬತ್ತು ದಿನ ಬದುಕಿದ್ದ ಹೆಣ್ಣುಕೂಸು. ಹೆಸರಿಟ್ಟಿರಲಿಲ್ಲ.

ಅಂಬತ್ತೂರಿನ ಲ್ಯಾಬೊಂದರಲ್ಲಿ ಅವಳದ್ದು ಎಂಟು ವರ್ಷದ ಕೆಲಸ. ಟೂತ್‌ಪೇಸ್ಟಿಗೆ, ಕೆಮ್ಮಿನ ಔಷಧಿಗೆ ಹಾಕುವ ಪರಿಮಳದ ಸಾರಗಳನ್ನು ಮೂಸಿ, ಅಳೆದು, ಶುದ್ಧವೋ ಅಲ್ಲವೋ ಬರೆಯಬೇಕು. ಮೊದಲ ವಾರ ಮೇಲಿನವರಾದ ವಿಶ್ವನಾಥರು ಅವಳಿಗೆ ಬರೀ ಕಾಗದದ ಕೆಲಸ ಕೊಟ್ಟರು. ಎರಡನೇ ಸೋಮವಾರ ಅನೆಥೋಲ್ ಬಂತು. ಸೋಂಪಿಗೆ ಜ್ಯೇಷ್ಠಮಧುವಿನಂಥ ಆ ಸಿಹಿ ಬರುವುದು ಅದರಿಂದಲೇ. ಎಸಿಯ ತಂಪಿಗೆ ಸೀಸೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ವೀಕ್ಷಾ ಯಾವತ್ತಿನಂತೆ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಕರಗಿಸಿ, ಕಾಗದದ ಪಟ್ಟಿ ಅದ್ದಿ ಮೂಗಿಗೆ ಹಿಡಿದಳು.

ಬಾಣಂತನದಲ್ಲಿ ಅತ್ತೆ ದಿನಕ್ಕೆರಡು ಸಲ ಲೋಟ ತುಂಬ ತಂದುಕೊಡುತ್ತಿದ್ದ ಸೋಂಪಿನ ಕಷಾಯದ್ದೇ ವಾಸನೆ. ಹಾಲು ಚೆನ್ನಾಗಿ ಬರಲಿ ಎಂದು ಕೊಡುತ್ತಿದ್ದರು. ಎದೆ ಜುಮ್ಮೆಂದಿತು. ಬತ್ತಿಯೇ ಹೋಯಿತು ಅಂದುಕೊಂಡಿದ್ದ ಹಾಲು ಇಳಿದು ಕುರ್ತಾ ನೆನೆಯಿತು, ಅದರ ಮೇಲಿನ ಬಿಳಿ ಕೋಟೂ ನೆನೆಯಿತು. ಕೈಕಟ್ಟಿ ಮುಚ್ಚಿಕೊಳ್ಳುವಷ್ಟರಲ್ಲಿ ವಿಶ್ವನಾಥರು ನೋಡಿಬಿಟ್ಟಿದ್ದರು. ಅವರು ಮುಖ ಆಚೆ ತಿರುಗಿಸಿ, ಆಟೋ ತರಿಸುತ್ತೇನೆ, ಮನೆಗೆ ಹೋಗಮ್ಮ ಎಂದರು.

ಅಣ್ಣಾ ನಗರದ ಮನೆಯಲ್ಲಿ ಸುಗುಣಾ ತೆಂಗಿನಕಾಯಿ ತುರಿಯುತ್ತಿದ್ದರು. ಸೊಸೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲಲ್ಲೇ ನಿಂತದ್ದು ಕಂಡು ತಲೆಯೆತ್ತಿದರು.

“ಅತ್ತೆ, ಹಾಲು ಇನ್ನೂ ಉಂಟು,” ಎಂದಳು ವೀಕ್ಷಾ. “ಕೂಸು ಹೋದದ್ದು ಅದಕ್ಕೆ ಗೊತ್ತಾಗ್ಲೇ ಇಲ್ಲ.”

ಸುಗುಣಾ ಎದ್ದು ಬಂದು ಒದ್ದೆ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದರು. ಕೊನೆಯ ಗುಂಡಿಗೆ ಅವರ ಕೈ ನಿಂತುಹೋಯಿತು.

“ನನಗೂ ಗೊತ್ತಾಗ್ಲಿಲ್ಲ ಮಗಾ. ಕೂಸು ಹೋದ ಮೇಲೂ ನಾಲ್ಕು ದಿನ ಕಷಾಯ ಮಾಡಿದ್ದೆ. ಬೆಳಿಗ್ಗೆ ಎದ್ರೆ ಕೈ ತಾನಾಗಿ ಒಲೆ ಹತ್ರ ಹೋಗ್ತಿತ್ತು. ನಿನಗೆ ಕೊಡುವ ಹಾಗಿಲ್ಲ, ಚೆಲ್ಲಲಿಕ್ಕೆ ಮನಸ್ಸು ಬರ್ಲಿಲ್ಲ. ನಾನೇ ಕುಡಿದೆ.”

ಇಷ್ಟು ದಿನ ಒಬ್ಬರ ಮುಂದೆ ಒಬ್ಬರು ಅತ್ತಿರಲಿಲ್ಲ. ಆವತ್ತು ಅಡುಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಅತ್ತರು. ಕುಕ್ಕರ್ ಕೂಗಿದರೂ ಯಾರೂ ಏಳಲಿಲ್ಲ.

ಮರುದಿನ ವೀಕ್ಷಾ ಲ್ಯಾಬಿಗೆ ಹೋದಾಗ ಆ ಸೀಸೆ ಬೇರೊಬ್ಬರ ಮೇಜಿಗೆ ಹೋಗಿತ್ತು. ಹಾಲು ಪೂರ್ತಿ ನಿಲ್ಲಲು ಇನ್ನೂ ಹನ್ನೊಂದು ದಿನ ಹಿಡಿಯಿತು. ನಿಂತ ದಿನ ಅವಳಿಗೆ ಕೂಸು ಇನ್ನೊಂದು ಸಲ ಹೋದಂತಾಯಿತು.