ಹತೀಜೆಯ ಹೆಸರಿನ ಹಲ್ವ

ದ್ರಿತಾ ಅಲ್ಬೇನಿಯಾದ ಬೆರಾತ್ ಕಡೆಯ ಹಳ್ಳಿಯಿಂದ ಗಂಡ ಬಾರ್ದುಲ್ ಮತ್ತು ಮಕ್ಕಳ ಜೊತೆ ಗಡಿಯ ಗುಡ್ಡ ದಾಟಿ ಗ್ರೀಸಿನ ಥೆಸಲೊನೀಕಿಗೆ ಬಂದು ಐದು ವರ್ಷವಾಗಿತ್ತು. ಬೆಳಿಗ್ಗೆ ಮೂರು ಕಟ್ಟಡಗಳ ಮೆಟ್ಟಿಲು ತೊಳೆಯುವುದು, ಮಧ್ಯಾಹ್ನ ಎವಾಂಥಿಯಾ ಎಂಬ ವಿಧವೆಯ ಮನೆಯಲ್ಲಿ ಅಡುಗೆ, ಇಸ್ತ್ರಿ. ಇಷ್ಟರಲ್ಲೇ ಅವಳ ಮಂಡಿಗಳು ಸವೆದುಹೋಗಿದ್ದವು. ವಯಸ್ಸು ಇನ್ನೂ ಮೂವತ್ತೆಂಟು.

ಬಂದ ಎರಡನೆಯ ವರ್ಷವೇ ಎವಾಂಥಿಯಾ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದಳು. ಈ ಹೆಸರು ಇಟ್ಟುಕೊಂಡರೆ ಇಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ, ಎಲ್ಲರ ಹಾಗೆ ದೀಕ್ಷಾಸ್ನಾನ ಮಾಡಿಸಿಕೊಂಡು ಚರ್ಚಿಗೆ ಸೇರು, ನಾನೇ ನಿನ್ನ ಧರ್ಮತಾಯಿಯಾಗುತ್ತೇನೆ ಎಂದು. ದ್ರಿತಾ ಎಂದರೆ ಅವರ ಭಾಷೆಯಲ್ಲಿ ಬೆಳಕು. ಎವಾಂಥಿಯಾ ತಾನೇ ಹುಡುಕಿ ಬೆಳಕು ಎಂಬ ಅರ್ಥದ್ದೇ ಗ್ರೀಕ್ ಹೆಸರಿಟ್ಟಳು, ಫೋತಿನಿ. ದ್ರಿತಾಳಿಗೆ ಏನೋ ಬಿಟ್ಟುಕೊಟ್ಟೆ ಅನ್ನಿಸಲಿಲ್ಲ. ದೇವರನ್ನೇ ನಿಷೇಧಿಸಿದ್ದ ಸರ್ಕಾರದ ಕೆಳಗೆ ಬೆಳೆದವಳು ಅವಳು. ಮನೆಯಲ್ಲಿ ಇದ್ದ ಮುಸಲ್ಮಾನತನವೆಂದರೆ ಹಿರಿಯರ ಹೆಸರುಗಳು ಮಾತ್ರ. ಬಾರ್ದುಲ್ ನಕ್ಕು, "ಹೆಸರಿಗೇನು, ಅಂಗಿ ಇದ್ದ ಹಾಗೆ. ಕೆಲಸಕ್ಕೆ ಹೋಗುವಾಗ ಹಾಕ್ಕೋ, ಮನೆಗೆ ಬಂದು ಬಿಚ್ಚಿಡು," ಎಂದಿದ್ದ.

ಆದರೆ ಅಂಗಿ ಬಿಚ್ಚಿ ಹಾಕುವುದಕ್ಕೂ ಕಸುವು ಬೇಕು. ಭಾನುವಾರ ಎರಡು ಗಂಟೆ ಚರ್ಚಿನಲ್ಲಿ ನಿಲ್ಲಬೇಕು. ಯಾವ ವಾರ ಮಾಂಸ ಬಿಡಬೇಕು, ಯಾವಾಗ ಎಣ್ಣೆ ಬಿಡಬೇಕು ಎಂದು ನೆನಪಿಡಬೇಕು. ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಹಾಲ್‌ನಲ್ಲಿ ಎಲ್ಲರೂ ಕಾಫಿಗೆ ಕೂರುತ್ತಿದ್ದರು. ಬಟ್ಟಲು ತೊಳೆ ಎಂದು ದ್ರಿತಾಳಿಗೆ ಯಾರೂ ಒಂದು ದಿನವೂ ಹೇಳಲಿಲ್ಲ. ಆದರೂ ಕೊನೆಗೆ ನಲ್ಲಿಯ ಮುಂದೆ ನಿಂತಿರುತ್ತಿದ್ದವಳು ಅವಳೇ.

ಐದನೆಯ ವರ್ಷ ಅಲ್ಬೇನಿಯಾದಲ್ಲಿ ದಂಗೆ ಎದ್ದು ಅಂಚೆಯೂ ಇಲ್ಲ, ಫೋನೂ ಇಲ್ಲ ಎಂಬಂತಾಯಿತು. ಗಡಿ ದಾಟಿ ಬಂದ ಊರಿನವನೊಬ್ಬ, ನಿನ್ನಮ್ಮ ತೀರಿಕೊಂಡು ಹದಿನೈದು ದಿನವಾಯಿತು ಎಂದು ಹೇಳಿದ. ಮಣ್ಣು ಮಾಡಿಯೂ ಆಗಿತ್ತು. ಕಾಗದಪತ್ರವಿಲ್ಲದವಳು ಈಗ ಹೋದರೆ ತಿರುಗಿ ಬರುವಂತಿರಲಿಲ್ಲ. ದ್ರಿತಾ ಮರುದಿನ ಮೆಟ್ಟಿಲು ತೊಳೆಯಲು ಹೋದಳು.

ವಿಷಯ ಕೇಳಿ ಎವಾಂಥಿಯಾ ನಿಜವಾಗಿಯೂ ಅತ್ತಳು, ಅವಳನ್ನು ಅಪ್ಪಿಕೊಂಡಳು. ನಲವತ್ತನೆಯ ದಿನಕ್ಕೆ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸೋಣ, ಪ್ರಸಾದದ ಗೋಧಿಯನ್ನು ನಾನೇ ಬೇಯಿಸುತ್ತೇನೆ ಎಂದಳು. ಪಾದ್ರಿಗಳಿಗೆ ಕೊಡಲು ಚೀಟಿ ತೆಗೆದು, ಹೆಸರೇನು ಎಂದು ಕೇಳಿದಳು.

"ಹತೀಜೆ."

ಪೆನ್ನು ನಿಂತಿತು. ಎವಾಂಥಿಯಾ ಮೆಲ್ಲಗೆ, "ಕತೆರೀನಾ ಅಂತ ಬರೆಯೋಣ ಕಣೇ. ಕೇಳೋಕೆ ಹತ್ರಹತ್ರ ಹಾಗೇ ಇರತ್ತೆ. ಯಾರು ಅಂತ ದೇವರಿಗೆ ಗೊತ್ತಾಗಲ್ವಾ?" ಎಂದಳು.

ಬೇಡ ಎನ್ನಲೂ ದ್ರಿತಾಳಿಗೆ ತ್ರಾಣವಿರಲಿಲ್ಲ. ತಲೆಯಾಡಿಸಿದಳು. ಎರಡು ದಿನ ಮೆಟ್ಟಿಲು ತೊಳೆಯುವಾಗಲೂ ಆ ಕತೆರೀನಾ ತಲೆಯಿಂದ ಹೋಗಲಿಲ್ಲ. ಮೂರನೆಯ ದಿನ ಕೆಲಸದ ನಡುವೆಯೇ ಅವಳು ಪಾದ್ರಿಗಳ ಹತ್ತಿರ ಹೋದಳು.

ಪಾದ್ರಿಗಳು ಕೆಟ್ಟವರಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಗಡ್ಡ ನೀವಿಕೊಂಡರು. "ಸುಳ್ಳು ಹೆಸರು ನಾನು ಓದಲಾರೆ ಮಗಳೇ. ನಿಜವಾದ್ದು ಓದೋ ಹಾಗಿಲ್ಲ, ಆಕೆಗೆ ದೀಕ್ಷಾಸ್ನಾನ ಆಗಿರಲಿಲ್ಲ. ನೀನು ಮನಸ್ಸಿನಲ್ಲೇ ಹೇಳ್ಕೋ. ಅದಕ್ಕೆ ಯಾರ ಅಪ್ಪಣೆಯೂ ಬೇಡ."

"ಸರಿ ಸ್ವಾಮಿ," ಎಂದು ಅವಳು ಹೊರಗೆ ಬಂದು ಚರ್ಚಿನ ಮೆಟ್ಟಿಲ ಮೇಲೆ ಕುಳಿತಳು. ಅಳು ಬರಲಿಲ್ಲ. ಏಳುವುದೊಂದು ಆಗಲಿಲ್ಲ.

ನಲವತ್ತನೆಯ ದಿನದ ಹಿಂದಿನ ಶನಿವಾರ ಸಂಜೆ ಅವಳು ದೊಡ್ಡ ಬಾಣಲೆ ಇಟ್ಟು ಬೆಣ್ಣೆಯಲ್ಲಿ ಹಿಟ್ಟು ಹುರಿಯತೊಡಗಿದಳು. ಅವಳ ಊರಿನಲ್ಲಿ ಸತ್ತವರಿಗೆಂದು ಹಂಚುವುದು ಹಲ್ವವನ್ನೇ. ಬಾರ್ದುಲ್ ಏನು ಎತ್ತ ಎಂದು ವಿಚಾರಿಸಲಿಲ್ಲ. ಅವಳ ತೋಳು ಸೋತಾಗ ಸೌಟು ತೆಗೆದುಕೊಂಡು ತಾನು ಕೆದಕಿದ. ಬೆಳಿಗ್ಗೆ ಅವಳು ತಟ್ಟೆಗೆ ಬಟ್ಟೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ಪ್ರಾರ್ಥನೆಯಲ್ಲಿ ಬೇರೆಯವರ ಮನೆಯ ಸತ್ತವರ ಹೆಸರುಗಳನ್ನು ಓದಿದರು. ಕತೆರೀನಾ ಬರಲಿಲ್ಲ. ಎವಾಂಥಿಯಾ ತಿರುಗಿ ನೋಡಿದಳು, ದ್ರಿತಾ ನೆಲ ನೋಡುತ್ತಿದ್ದಳು. ಹಾಲ್‌ಗೆ ಹೋದ ಮೇಲೆ ಅವಳು ಹಲ್ವದ ತಟ್ಟೆಯನ್ನು ಕಾಫಿ ಬಟ್ಟಲುಗಳ, ಎವಾಂಥಿಯಾ ಬೇಯಿಸಿ ತಂದ ಗೋಧಿಯ ಪಕ್ಕದಲ್ಲಿ ಇಟ್ಟಳು. ಯಾರದಿದು ಎಂದು ಹೆಂಗಸರು ಕೇಳಿದರು. ನಮ್ಮಮ್ಮನದು, ನಲವತ್ತು ದಿನವಾಯಿತು ಎಂದಳು. ದೇವರು ಕ್ಷಮಿಸಲಿ ಎಂದು ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ಹೆಸರೇನು ಎಂದು ಒಬ್ಬಳು ಕೇಳಿದಳು.

ಎವಾಂಥಿಯಾ ಮೇಜಿನ ಆಚೆ ಬದಿಯಿಂದ ಅವಳನ್ನೇ ನೋಡುತ್ತಿದ್ದಳು.

"ಹತೀಜೆ," ಎಂದಳು ದ್ರಿತಾ.

ಒಬ್ಬಳು ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಇನ್ನೊಬ್ಬಳಿಗೆ ಒಲೆಯ ಮೇಲೆ ಬಿಟ್ಟುಬಂದ ಪಾತ್ರೆ ನೆನಪಾಯಿತು. ಆಗ ಮೂಲೆಯ ಕುರ್ಚಿಯಿಂದ ಡೊಮ್ನಾ ಅಜ್ಜಿ, ಏನಂದೆ ಎಂದು ಕಿವಿಗೆ ಕೈ ಹಿಡಿದು ಕೇಳಿದಳು. ಎಂಬತ್ತು ದಾಟಿದವಳು, ಚಿಕ್ಕಂದಿನಲ್ಲಿ ಸಮುದ್ರದ ಆಚೆಯ ತುರ್ಕಿ ಸೀಮೆಯಿಂದ ನಿರಾಶ್ರಿತಳಾಗಿ ಬಂದವಳು. ಬೈಗುಳ ಬಂತು ಎಂದುಕೊಂಡೇ ದ್ರಿತಾ ಮತ್ತೊಮ್ಮೆ ಹೇಳಿದಳು.

"ಹತೀಜೆ," ಎಂದಳು ಮುದುಕಿ, ದ್ರಿತಾಳಿಗಿಂತ ಸ್ಪಷ್ಟವಾಗಿ. "ನಮ್ಮ ಪಕ್ಕದ್ಮನೇಲೂ ಒಬ್ಬಳು ಹತೀಜೆ ಇದ್ಲು. ದಿನಾ ನನ್ನ ತಲೆ ಬಾಚೋಳು. ನಾವು ಊರು ಬಿಟ್ಟ ದಿನ ಇಂಥದ್ದೇ ಒಂದು ತುತ್ತು ಬಾಯಿಗಿಟ್ಲು. ಆಮೇಲೆ ಏನಾದಳೋ." ಒಂದು ಚೂರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಬೆಣ್ಣೇಲಿ ಹುರಿದಿದ್ದೀಯ. ಇವರೆಲ್ಲ ಎಣ್ಣೆ ಸುರೀತಾರೆ, ಕೇಳಿದ್ರೆ ಉಪವಾಸಕ್ಕೆ ಬೆಣ್ಣೆ ಆಗಲ್ಲ ಅಂತಾರೆ. ಇನ್ನೊಂದು ಹಾಕು. ಇದು ನಿಮ್ಮಮ್ಮನ ಹೆಸರಲ್ಲಿ ಆಯ್ತು, ಆ ಇನ್ನೊಂದು ನಮ್ಮ ಹತೀಜೆಗೆ."

ಅಜ್ಜಿಯ ಮುಖ ನೋಡಿ ಇನ್ನೂ ನಾಲ್ಕೈದು ಜನ ತಟ್ಟೆ ಚಾಚಿದರು. ಆದರೂ ಅರ್ಧ ಹಾಗೆಯೇ ಉಳಿಯಿತು.

ದ್ರಿತಾ ಬಟ್ಟಲು ತೊಳೆಯುತ್ತಿದ್ದಾಗ ಎವಾಂಥಿಯಾ ಬಂದು ಪಕ್ಕದಲ್ಲಿ ನಿಂತಳು. "ನನಗೆ ಮೊದ್ಲೇ ಒಂದು ಮಾತು ಹೇಳಬಾರದಿತ್ತಾ, ಫೋತಿನಿ?"

"ಹೇಳಿದ್ರೆ ಬೇಡ ಅಂತಿದ್ರಿ, ಅಮ್ಮ. ಆಮೇಲೆ ವಾದ ಮಾಡೋ ಶಕ್ತಿ ನನಗಿರಲಿಲ್ಲ."

ಎವಾಂಥಿಯಾ ಬಟ್ಟೆ ತೆಗೆದುಕೊಂಡು ತೊಳೆದ ಬಟ್ಟಲುಗಳನ್ನು ಒಂದೊಂದಾಗಿ ಒರೆಸಿಟ್ಟಳು. ಮುನಿಸೋ ಸಮಾಧಾನವೋ ಅವಳ ಮುಖದಿಂದ ತಿಳಿಯಲಿಲ್ಲ.

ಬಸ್ಸಿನಲ್ಲಿ ದ್ರಿತಾಳಿಗೆ ಜೊಂಪು ಹತ್ತಿ ಇಳಿಯುವ ಜಾಗ ತಪ್ಪಿತು. ಸುಡುವ ಬಿಸಿಲಿನಲ್ಲಿ ಎರಡು ನಿಲ್ದಾಣ ಹಿಂದಕ್ಕೆ ನಡೆದು ಬಂದಳು. ಅರ್ಧ ವಾಪಸ್ ಬಂತು ಎಂದು ತಟ್ಟೆ ಇಟ್ಟಾಗ ಬಾರ್ದುಲ್, ಮಕ್ಕಳಿದ್ದಾರಲ್ಲ ಎಂದು ತಟ್ಟೆಯ ಮೇಲಿನ ಬಟ್ಟೆ ಸರಿಸಿದ.

ಮುಂದಿನ ಭಾನುವಾರ ಅವಳು ಚರ್ಚಿಗೆ ಹೋಗದೆ ಹತ್ತು ಗಂಟೆಯವರೆಗೂ ಮಲಗಿದಳು. ಅದರ ಮುಂದಿನ ಭಾನುವಾರ ಹೋದಳು. ಹೆಂಗಸರೆಲ್ಲ ಎಂದಿನಂತೆ ಫೋತಿನಿ ಎಂದರು, ಅವಳೂ ಓಗೊಟ್ಟಳು. ಮುದುಕಿಗೆ ಮಾತ್ರ ಅವಳ ಯಾವ ಹೆಸರೂ ನೆನಪಿರಲಿಲ್ಲ.

"ಹತೀಜೆಯ ಮಗಳೇ," ಎಂದಳು, "ನನಗೊಂದು ಕಾಫಿ ಕೊಡು. ಸಕ್ಕರೆ ಜಾಸ್ತಿ ಇರಲಿ."

ದ್ರಿತಾ ಮಂಡಿ ಹಿಡಿದುಕೊಂಡು ಎದ್ದು ಒಲೆಯ ಹತ್ತಿರ ಹೋದಳು.