ಗಾಜಿನ ಬೀರು

ಎರಡು ಮನೆಯವರ ಅಂಗಡಿಯ ಮಾತನ್ನು ಹೊರಗಿನವನಾದ ನಾನು ಹೇಳಹೊರಟಿದ್ದು ಅಧಿಕಪ್ರಸಂಗವೇ ಸರಿ. ವ್ಯಾಪಾರ ನನಗೆ ತಿಳಿಯದು. ತಪ್ಪಿದ್ದರೆ ಬಾಳೆಹೊನ್ನೂರಿನವರು ಮನ್ನಿಸಬೇಕು.

ಹಳೇ ಗಿರಾಕಿ ಪ್ರೇಮಕ್ಕ ಬೀರುವಿನ ಗಾಜಿಗೆ ಬೆರಳು ತಾಗಿಸಿ, ಸುಟ್ಟವರಂತೆ ಹಿಂದಕ್ಕೆ ಎಳೆದುಕೊಂಡರು. ಯುದ್ಧ ಬಂದು ಬಟ್ಟೆಗೆ ಸರ್ಕಾರದ ಕಂಟ್ರೋಲು ಬರುವ ಮುಂಚಿನ ಕಾಲ. ಕಲ್ಲೇಶಪ್ಪನವರೂ ಅಸಾದುಲ್ಲಾ ಸಾಹೇಬರೂ ಪಾಲಿನಲ್ಲಿ ನಡೆಸುತ್ತಿದ್ದ ಜವಳಿ ಅಂಗಡಿಗೆ ಆ ಗಾಜಿನ ಬೀರು ಆಗಷ್ಟೇ ಬಂದಿತ್ತು.

"ಯಾವುದು ತೆಗೀಲಿ ಅಕ್ಕ?" ಎಂದರು ಕಲ್ಲೇಶಪ್ಪ.

"ಬೇಡ ಮಾರಾಯ್ರೆ. ಅಷ್ಟು ಚಂದ ಜೋಡ್ಸಿಟ್ಟಿದ್ದೀರಿ. ತೆಗೆಸಿ, ಆಮೇಲೆ ಬೇಡ ಅನ್ನೋಕೆ ನಾಚಿಕೆ ಆಗ್ತದೆ."

ಅಸಾದುಲ್ಲಾ ಅಭ್ಯಾಸದಂತೆ "ಕೂತ್ಕೊಳ್ಳಿ" ಎನ್ನಹೋಗಿ ಸುಮ್ಮನಾದರು. ಕೂರಲು ಜಮಖಾನ ಇರಲಿಲ್ಲ. ಅದರ ಜಾಗದಲ್ಲಿ ಬೀರು ನಿಂತಿತ್ತು. ಪ್ರೇಮಕ್ಕ ಬಸ್ ನಿಲ್ಲುವ ಕಡೆಯ ಹೊಸ ಅಂಗಡಿಗೆ ಹೋದರು.

ಮೊದಲು ಹೀಗಿರಲಿಲ್ಲ. ಹೆಂಗಸರು ಜಮಖಾನದ ಮೇಲೆ ಕಾಲು ಮಡಚಿ ಕೂತು, ಬೆಲ್ಲ ನೀರು ಕುಡಿದು, ಸೆರಗನ್ನು ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬೆರಳು ಒತ್ತಿ ನೋಡುತ್ತಿದ್ದರು. "ಸಾಬ್ರೆ, ನಿಮ್ಮ ಸೀರೆಗಿಂತ ಅದರ ಗಂಜಿನೇ ಭಾರ!" ಎಂದು ಪ್ರೇಮಕ್ಕ ಚುಚ್ಚಿದರೆ, "ರಾತ್ರಿ ಊಟಕ್ಕೂ ಆಯ್ತಲ್ಲ ಅಕ್ಕ!" ಎಂದು ಅಸಾದುಲ್ಲಾ ನಗಿಸುತ್ತಿದ್ದರು.

ಹೊಸ ಅಂಗಡಿ ಬಂದು ಗಿರಾಕಿ ಕಡಿಮೆಯಾದಾಗ ಪಾಲುದಾರರಿಬ್ಬರೂ ಏನಾದರೂ ಕಲಿತು ಬರೋಣವೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಅಲ್ಲಿನ ದೊಡ್ಡ ಅಂಗಡಿಯಲ್ಲಿ ಗಾಜಿನ ಬೀರು ಕಂಡರು. ವಾಪಸು ಬರುವ ಬಸ್ಸಿನಲ್ಲೇ ನಿರ್ಧಾರವಾಗಿತ್ತು. ಅವರಲ್ಲಿ ಒಬ್ಬರು ಏನಾದರೂ ಹೇಳಿದರೆ ಇನ್ನೊಬ್ಬರು "ನೀವು ಹೇಳ್ದಂಗೆ ಆಗ್ಲಿ" ಎನ್ನುವುದು ರೂಢಿ. ಒಬ್ಬರ ಮಾತನ್ನು ಇನ್ನೊಬ್ಬರು ತೆಗೆದುಹಾಕಿದ್ದನ್ನು ಊರು ನೋಡಿರಲಿಲ್ಲ. ಅದೇ ಅವರ ಹೆಮ್ಮೆಯಾಗಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಅಂಗಡಿ ಬಿಕೋ ಎನ್ನತೊಡಗಿತು. ಅಸಾದುಲ್ಲಾ ಪಾಲು ಬಿಟ್ಟು ಕೊಪ್ಪದಲ್ಲಿ ತಮ್ಮನ ಜೊತೆ ಸೇರುವುದೆಂದಾಯಿತು. ಸರಕು ಹಂಚಿ ಮುಗಿದು ಬೀರು ಒಂದೇ ಉಳಿಯಿತು.

"ಬೀರು ನೀವೇ ತಗೊಂಡ್ಹೋಗಿ ಸಾಬ್ರೆ. ನೀವು ಆಸೆಪಟ್ಟು ತಂದಿದ್ದು."

"ನಾನಾ? ನಿಮಗೆ ಆಸೆ ಅಂತ ನಾನು ಸುಮ್ನಿದ್ದೆ ಕಲ್ಲೇಶಪ್ನೋರೆ."

"ಬಸ್ಸಲ್ಲಿ ಚಂದ ಉಂಟು ಅಂದ್ರಲ್ಲ?"

"ಚಂದ ಅಂದೆ. ಬೇಕು ಅಂದ್ನಾ? ನೀವು ದಾರಿಯುದ್ದಕ್ಕೂ ಅದನ್ನೇ ಯೋಚಿಸ್ತಾ ಕೂತಿದ್ರಿ."

"ಅಯ್ಯೋ, ಅದು ಬಂದ್ರೆ ಜಮಖಾನ ಎಲ್ಲಿ ಹಾಸೋದು ಅಂತ ಯೋಚಿಸ್ತಿದ್ದೆ! ನಿಮ್ಮ ಮನಸ್ಸು ನೋಯಿಸೋದು ಹೆಂಗೆ ಅಂತ ಬಾಯಿ ಬಿಡ್ಲಿಲ್ಲ."

ಅಸಾದುಲ್ಲಾ ನಗಲು ನೋಡಿದರು. ನಗು ಬರಲಿಲ್ಲ. ಗಾಜಿನಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು, ಹಿಂದೆ ಖಾಲಿ ಹಲಗೆಗಳು.

ಕಲ್ಲೇಶಪ್ಪ ಮೂಲೆಯಿಂದ ಜಮಖಾನದ ಸುರುಳಿ ಎಳೆದು ತಂದರು. ಧೂಳು ಎದ್ದಿತು.

"ಬೀರು ಮಾರಿಬಿಟ್ಟು ಇದನ್ನೇ ಹಾಸಿ, ಇನ್ನೊಂದು ವರ್ಷ ನೋಡಿದ್ರೆ ಹೆಂಗೆ? ನೀವು ಉಳೀತೀರಾ?"

ಅಸಾದುಲ್ಲಾ ಜಮಖಾನದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ನೀವು ಹೇಳ್ದಂಗೆ ಆಗ್ಲಿ" ಎಂದರು.

ಅದು ಮನಸ್ಸಿನ ಮಾತೋ ರೂಢಿಯ ಮಾತೋ ಕಲ್ಲೇಶಪ್ಪನವರಿಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವಾಗದೆ, ಸುರುಳಿಯನ್ನು ಬಿಚ್ಚದೆಯೇ ಗೋಡೆಗೆ ಒರಗಿಸಿದರು.

ಮರುವಾರ ಅಸಾದುಲ್ಲಾ ಕೊಪ್ಪದ ಬಸ್ಸು ಹತ್ತಿದರು. ಅವರಿಗೆ ಉಳಿಯುವ ಮನಸ್ಸಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.